ಡೀಸೆಲ್ ಕಾರಿನ ಜಾರಾಟ

ಗ್ರಾನ್ ಟುರಿಸ್ಮೊ 4 ಎಂಬ ವಿಡಿಯೊ ಗೇಮಿನಲ್ಲಿ ಏಳುನೂರಕ್ಕೂ ಹೆಚ್ಚು ಕಾರುಗಳಿವೆ. ರೇಸಿಗೆಂದೇ ಹುಟ್ಟಿದವು, ನೂರು ವರ್ಷ ದಾಟಿದವು, ಜಪಾನಿನ ಪುಟ್ಟ ಪೆಟ್ಟಿಗೆಯಂಥವು, ಎಲ್ಲವೂ ಉಂಟು. ಅಷ್ಟರ ನಡುವೆ ನನ್ನ ಮೊಮ್ಮಗಳು ಹುಡುಕಿ ತೆಗೆದದ್ದು ಒಂದು ಡೀಸೆಲ್ ಕಾರನ್ನು. ಬಿಎಂಡಬ್ಲ್ಯು 120ಡಿ, 2004ರ ಮಾದರಿ.

"ಇದ್ಯಾಕೆ ಪುಟ್ಟಿ, ಕೆಂಪು ಫೆರಾರಿ ಗಿರಾರಿ ಯಾವುದೂ ಸಿಗ್ಲಿಲ್ವಾ?" ಅಂದೆ.

"ನಿಂಗೆ ಪೆಟ್ರೋಲ್ ಗಾಡಿ ಗೊತ್ತೇ ಇಲ್ವಲ್ಲ ಅಜ್ಜ, ಅದ್ಕೆ."

ಮೂವತ್ತೊಂದು ವರ್ಷ ಬಸ್ ಓಡಿಸಿದವನಿಗೆ ಇದು ಮರ್ಯಾದೆಯೋ ಗೇಲಿಯೋ ತಿಳಿಯಲಿಲ್ಲ. ಅವಳಿಗೆ ಹನ್ನೆರಡು ವರ್ಷ. ಗೇಮಿಗೆ ಅವಳಿಗಿಂತ ಹೆಚ್ಚು ವಯಸ್ಸು. ಅದು ಜಪಾನಿನಲ್ಲಿ ಬಿಡುಗಡೆಯಾದದ್ದು 2004ರ ಡಿಸೆಂಬರ್ 28ರಂದು. ನನ್ನ ಮಗ ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಪ್ಲೇಸ್ಟೇಷನ್ 2 ಅಟ್ಟದ ಮೇಲೆ ಹಳೇ ರೇಡಿಯೊ ಪಕ್ಕ ಧೂಳು ತಿನ್ನುತ್ತಿತ್ತು. ಬೇಸಿಗೆ ರಜೆಯಲ್ಲಿ ಇವಳು ಅದನ್ನು ಇಳಿಸಿ, ಒರೆಸಿ, ಟಿವಿಗೆ ಜೋಡಿಸಿ, ಒಂದು ವಾರ ಒಬ್ಬಳೇ ಆಡಿ, ಆಮೇಲೆ ಎರಡನೇ ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಅದಕ್ಕೆ ರಿಮೋಟ್ ಅನ್ನಬಾರದಂತೆ, ಕಂಟ್ರೋಲರ್ ಅನ್ನಬೇಕಂತೆ.

ಗೇಮಿನಲ್ಲೂ ಲೈಸೆನ್ಸ್ ಪಡೆಯಬೇಕು. ಹೆವಿ ವೆಹಿಕಲ್ ಲೈಸೆನ್ಸ್ ಇರುವ ನಾನು ಸೋಫಾದ ಮೇಲೆ ಕೂತು ಬಿ ದರ್ಜೆಯ ಪರೀಕ್ಷೆ ಬರೆದೆ. ಗಾಡಿ ಹೊರಡಿಸು, ತಿರುಗಿಸು, ಹೇಳಿದ ಜಾಗದಲ್ಲಿ ನಿಲ್ಲಿಸು. ಚಿನ್ನ, ಬೆಳ್ಳಿ, ಕಂಚು ಎಂದು ಪದಕ ಕೊಡುತ್ತಾರೆ. ನನಗೆ ಸಿಕ್ಕಿದ್ದು ಕಂಚು. ನಮ್ಮನೆಯವಳು ಅಡುಗೆಮನೆಯಿಂದಲೇ ನಕ್ಕಳು.

ಆ ಕಾರು ಯಾಕೆ ವಿಶೇಷ ಅಂತ ಮೊದಲು ಹೇಳಬೇಕು. ನೋಡಲು ಅದು ಐದು ಬಾಗಿಲಿನ ಸಣ್ಣ ಕಾರು, ನಮ್ಮ ಬೀದಿಯಲ್ಲಿ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ಗಾತ್ರದ ಬೇರೆ ಕಾರುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಇದರಲ್ಲಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ನಮ್ಮ ಬಸ್ಸು ಲಾರಿಗಳಂತೆ. ಅದರ ಮೇಲೆ ಡೀಸೆಲ್. ಹಿಂದಿನಿಂದ ತಳ್ಳುವ ಸಣ್ಣ ಡೀಸೆಲ್ ಕಾರು ಅಂದರೆ ಅಪರೂಪದ ಸಂಗತಿಯೇ. ಮೊಮ್ಮಗಳ ಆಸೆ, ಅದನ್ನು ಡ್ರಿಫ್ಟ್ ಮಾಡಿಸುವುದು.

ಡ್ರಿಫ್ಟ್ ಅಂದರೆ ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಜಾರುತ್ತಿರುವಾಗಲೇ ಹತೋಟಿಯಲ್ಲಿಟ್ಟು, ಅಡ್ಡಡ್ಡಲಾಗಿಯೇ ತಿರುವು ದಾಟಿಸುವುದು. ಮೂತಿ ಒಳಗೆ ನೋಡುತ್ತಿರುತ್ತದೆ, ಕಾರು ಮಾತ್ರ ಪಕ್ಕಕ್ಕೆ ಹೋಗುತ್ತಿರುತ್ತದೆ. ಇದನ್ನು ಕಲೆಯಾಗಿ ಬೆಳೆಸಿದವರು ಜಪಾನೀಯರು. 1970ರ ದಶಕದಲ್ಲಿ ಕುನಿಮಿತ್ಸು ತಕಾಹಾಶಿ ಎಂಬ ರೇಸ್ ಚಾಲಕ ತಿರುವುಗಳಲ್ಲಿ ಹೀಗೆ ಜಾರಿಸುತ್ತಿದ್ದರು. ಅವರನ್ನು ನೋಡಿ ಕೆಯ್ಚಿ ತ್ಸುಚಿಯಾ ಎಂಬ ಯುವಕ ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ 'ಡ್ರಿಫ್ಟ್ ಕಿಂಗ್' ಅನ್ನಿಸಿಕೊಂಡರು. ಬೆಟ್ಟದ ರಸ್ತೆ ಅಂದರೆ ಅವರ ಘಾಟಿ. ಹಾವಿನಂತೆ ಸುತ್ತುವ ರಸ್ತೆ, ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ. ಇದನ್ನು ಕೇಳಿದಾಗ ನನಗೆ ಮೈ ಉರಿಯಿತು. ಗಾಡಿ ಜಾರದ ಹಾಗೆ ನೋಡಿಕೊಳ್ಳುವುದೇ ಘಾಟಿಯಲ್ಲಿ ಚಾಲಕನ ಕೆಲಸ. ಜಾರಿಸುವುದನ್ನು ಒಂದು ವಿದ್ಯೆ ಅಂತ ಬೇರೆ ಕರೆಯುತ್ತಾರಲ್ಲ! ಈಗ ಅದು ರೇಸ್ ಟ್ರ್ಯಾಕಿನೊಳಗೆ, ತೀರ್ಪುಗಾರರ ಎದುರು ನಡೆಯುವ ಸ್ಪರ್ಧೆಯಾಗಿದೆ. ಅಷ್ಟರ ಮಟ್ಟಿಗೆ ಸಮಾಧಾನ.

ನಾವು ಆರಿಸಿಕೊಂಡದ್ದು ತ್ಸುಕುಬಾ ಟ್ರ್ಯಾಕ್. ಟೋಕಿಯೊದ ಉತ್ತರಕ್ಕೆ ಇಬಾರಾಕಿ ಪ್ರಾಂತ್ಯದಲ್ಲಿ ನಿಜವಾಗಿಯೂ ಇರುವ ಟ್ರ್ಯಾಕ್ ಅದು. ಉದ್ದ ಸುಮಾರು ಎರಡು ಕಿಲೊಮೀಟರ್, ಕೂದಲ ಪಿನ್ನಿನಂತೆ ಮಡಚಿಕೊಂಡ ತಿರುವುಗಳು. ಗೇಮಿನಲ್ಲಿ ಅದರ ಒದ್ದೆ ರೂಪವೂ ಇದೆ, ಮಳೆ ಸುರಿದು ರಸ್ತೆ ಹೊಳೆಯುತ್ತಿರುತ್ತದೆ. ಒದ್ದೆ ರಸ್ತೆಯಾದರೆ ಕಡಿಮೆ ಬಲದ ಕಾರೂ ಸುಲಭವಾಗಿ ಜಾರುತ್ತದೆ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಿತ್ತು. ಆದರೆ ಕಾರು ಜಾರಲಿಲ್ಲ.

ಮೊದಲ ಅಡ್ಡಿ, ಕಾರಿನಲ್ಲೇ ಇದ್ದ ಕಾವಲುಗಾರರು. ಚಕ್ರ ಸುಮ್ಮನೆ ಸುತ್ತಿದರೆ ಎಂಜಿನ್ ಬಲ ತಗ್ಗಿಸುವ ಒಂದು ವ್ಯವಸ್ಥೆ, ಹಿಂಭಾಗ ಜಾರಿದರೆ ತಾನೇ ಬ್ರೇಕ್ ಹಾಕಿ ನೇರ ಮಾಡುವ ಇನ್ನೊಂದು. ಈಗಿನ ನಿಜವಾದ ಕಾರುಗಳಲ್ಲೂ ಇವೆ, ಜೀವ ಉಳಿಸುತ್ತವೆ. ಗೇಮಿನಲ್ಲಿ ಅವನ್ನು ಸೊನ್ನೆಗೆ ಇಳಿಸಬಹುದು. ಇಳಿಸಿದಳು. ಟೈರನ್ನೂ ಬದಲಿಸಿದಳು, ಹಿಡಿತ ಎಲ್ಲಕ್ಕಿಂತ ಕಡಿಮೆ ಇರುವ ಗಟ್ಟಿ ಜಾತಿಯದು. ಈ ಸಲ ಕಾರು ಜಾರಿತು, ಬುಗುರಿಯಂತೆ ಪೂರ್ತಿ ಒಂದು ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತಿತು. ಮತ್ತೆ. ಮತ್ತೆ. ಇಲ್ಲವೇ ಜಾರಲು ಶುರುವಾಗಿ ಅರ್ಧದಲ್ಲೇ ಬಲ ಸತ್ತು ನೇರವಾಗಿಬಿಡುತ್ತಿತ್ತು.

"ಈ ಡೀಸೆಲ್ಲೇ ಸರಿ ಇಲ್ಲ ಅಜ್ಜ. ಕೂಗೋಕೆ ಶುರು ಮಾಡೋದ್ರೊಳಗೆ ಕೆಂಪು ಗೆರೆ ಬಂದುಬಿಡತ್ತೆ."

ಅವಳು ಎರಡನೇ ಗೇರಿನಲ್ಲಿ ತಿರುವಿಗೆ ನುಗ್ಗುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ನೋಡಿದ ಪೆಟ್ರೋಲ್ ಕಾರಿನವರೆಲ್ಲ ಹಾಗೇ ಮಾಡುತ್ತಾರಂತೆ. ಎಂಜಿನ್ ಕಿರುಚಬೇಕು, ಹೊಗೆ ಏಳಬೇಕು. ಅಲ್ಲಿಯವರೆಗೆ ಸುಮ್ಮನೆ ನೋಡುತ್ತಿದ್ದ ನಾನು ಆಗ ಬಾಯಿ ಬಿಟ್ಟೆ.

ಡೀಸೆಲ್ ಎಂಜಿನ್ನಿನ ಸ್ವಭಾವ ತಿಳಿಯಲು ಸೈಕಲ್ ಪಂಪ್ ಸಾಕು. ಜೋರಾಗಿ ಗಾಳಿ ಹೊಡೆಯುವಾಗ ಪಂಪಿನ ತುದಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನೊಳಗೆ ಗಾಳಿಯನ್ನು ಎಷ್ಟು ಬಲವಾಗಿ ಅದುಮುತ್ತಾರೆಂದರೆ, ಅದರೊಳಗೆ ಎಣ್ಣೆಯನ್ನು ಮಂಜಿನಂತೆ ಚಿಮುಕಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಬೇಕಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಇಂಥ ಎಂಜಿನ್ನನ್ನು ಚೆನ್ನಾಗಿ ಓಡಿಸಿ ತೋರಿಸಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಇದನ್ನು ಹೇಳಿದಾಗ ನಮ್ಮನೆಯವಳು, "ಒಗ್ಗರಣೆಗೆ ಇಲ್ಲದ ಎಣ್ಣೆ ಎಂಜಿನ್ನಿಗಾ?" ಅಂದಳು.

ಅಷ್ಟು ಒತ್ತಡ ತಡೆಯಬೇಕಾದ ಎಂಜಿನ್ನಿನ ಒಳಗಿನ ಭಾಗಗಳು ಗಟ್ಟಿಯಾಗಿ, ಭಾರವಾಗಿ ಇರಬೇಕು. ಭಾರದ ವಸ್ತು ಬಹಳ ವೇಗವಾಗಿ ಕುಣಿಯಲಾರದು. ಹಾಗಾಗಿ ಡೀಸೆಲ್ ಎಂಜಿನ್ ನಿಧಾನವಾಗಿ ಸುತ್ತುತ್ತದೆ, ಆದರೆ ನಿಧಾನದಲ್ಲೇ ಪೂರ್ತಿ ಬಲ ಕೊಡುತ್ತದೆ. ಈ ಕಾರಿನ ಲೆಕ್ಕವನ್ನೇ ನೋಡಿ. ಇದರ ಅಣ್ಣನೋ ತಮ್ಮನೋ ಆದ ಪೆಟ್ರೋಲ್ ಕಾರು, 120ಐ, ಅದೇ ಗೇಮಿನಲ್ಲಿದೆ. ಅದರ ಎಂಜಿನ್ ತಿರುಗಿಸುವ ಬಲ 200 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 3,600 ಸುತ್ತು ಬಂದಾಗ. ಡೀಸೆಲ್ಲಿನದು 340, ಬರೀ 2,000 ಸುತ್ತಿಗೇ! ಆದರೆ 4,000 ಸುತ್ತಿಗೆ ಅದರ 163 ಅಶ್ವಶಕ್ತಿ ಮುಗಿಯಿತು. ಅಲ್ಲಿಂದಾಚೆ ಬರೀ ಸದ್ದು. ಪೆಟ್ರೋಲ್ ಎಂಜಿನ್ 6,000 ದಾಟಿಯೂ ಇನ್ನೂ ಏರುತ್ತಿರುತ್ತದೆ.

ಬಸ್ಸಿನ ಭಾಷೆಯಲ್ಲಿ ಹೇಳುವುದಾದರೆ, ಡೀಸೆಲ್ಲನ್ನು ಕಿರುಚಿಸಬಾರದು, ಗೊಣಗಿಸಬೇಕು.

"ಮೂರನೇ ಗೇರಿನಲ್ಲಿ ಬಾ ಪುಟ್ಟಿ," ಅಂದೆ.

"ಮೂರರಲ್ಲಿ ಹೇಗೆ ಜಾರತ್ತೆ? ಸ್ಲೋ ಆಗೋದಿಲ್ವಾ?"

"ಬಾ ಅಂದೆನಲ್ಲ."

ಬಂದಳು. ತಿರುವಿಗೆ ಮುಂಚೆ ಬ್ರೇಕ್ ಒತ್ತಿದಳು, ಕಾರಿನ ಭಾರವೆಲ್ಲ ಮುಂದಕ್ಕೆ ಬಾಗಿತು. ಹಾಗೆ ಬಾಗಿದಾಗ ಹಿಂದಿನ ಟೈರುಗಳು ಹಗುರವಾಗುತ್ತವೆ, ನೆಲವನ್ನು ಸಡಿಲವಾಗಿ ಹಿಡಿದಿರುತ್ತವೆ. ಆ ಗಳಿಗೆಯಲ್ಲಿ ಸ್ಟಿಯರಿಂಗ್ ಒಳಕ್ಕೆ ಕೊಟ್ಟು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ 2,000ದ ಹತ್ತಿರ ಗೊಣಗಿತು. ಹಿಂಭಾಗ ನಿಧಾನವಾಗಿ, ದನ ಕೊಟ್ಟಿಗೆಯಲ್ಲಿ ಮಗ್ಗುಲು ತಿರುಗಿದ ಹಾಗೆ, ಹೊರಗೆ ಸರಿಯಿತು. ಎರಡನೇ ಗೇರಿನಲ್ಲಿ ಒದ್ದಂತೆ ಆಗುತ್ತಿದ್ದದ್ದು ಈಗ ಸರಿದಂತಾಯಿತು. ಅರ್ಧ ತಿರುವಿನವರೆಗೂ ಸೂಚಿ ಕೆಂಪು ಗೆರೆ ಮುಟ್ಟಲಿಲ್ಲ.

"ಅಜ್ಜಾ!"

ಆ ಕೂಗಿಗೆ ಪಕ್ಕದ ಮನೆಯವರೂ ಇಣುಕಿದರು.

ಅಲ್ಲಿಂದ ಮುಂದೆ ಹದದ ವಿಷಯ. ಪ್ಲೇಸ್ಟೇಷನ್ 2ರ ಕಂಟ್ರೋಲರಿನಲ್ಲಿ ಒಂದು ಗುಟ್ಟಿದೆ, ಅದರ ಗುಂಡಿಗಳು ಎಷ್ಟು ಒತ್ತಿದೆವು ಅನ್ನುವುದನ್ನೂ ಅಳೆಯುತ್ತವೆ. ಮೆಲ್ಲಗೆ ಒತ್ತಿದರೆ ಸ್ವಲ್ಪ ಆಕ್ಸಿಲರೇಟರ್, ಗಟ್ಟಿಯಾಗಿ ಒತ್ತಿದರೆ ಪೂರ್ತಿ. ಮಕ್ಕಳು ಗಟ್ಟಿಯಾಗಿಯೇ ಒತ್ತುತ್ತಾರೆ. ಹೆಬ್ಬೆರಳ ತುದಿಯಲ್ಲಿ ಅರ್ಧ ಒತ್ತಿ, ಆ ಅರ್ಧವನ್ನೇ ಹಿಡಿದಿರುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಒಂದು ಚೂರು ಹೆಚ್ಚಾದರೆ ಬುಗುರಿ, ಕಡಿಮೆಯಾದರೆ ಜಾರಾಟ ನಿಂತುಹೋಗುತ್ತದೆ. ಮೂವತ್ತೊಂದು ವರ್ಷ ನನ್ನ ಬಲಗಾಲು ಮಾಡಿದ ಕೆಲಸವನ್ನು ಹೆಬ್ಬೆರಳಿಗೆ ಕಲಿಸಲು ನನಗೆ ಹತ್ತು ದಿನ ಬೇಕಾಯಿತು. ಅದರ ಮೇಲೆ ಟರ್ಬೊ ಎಂಬುದೊಂದಿದೆ. ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ ಅದು. ಅದು ಎಚ್ಚರಾಗಲು ಕ್ಷಣ ಹಿಡಿಯುತ್ತದೆ. ಹಾಗಾಗಿ ಬಲ ಬೇಕಾಗುವ ಒಂದು ಕ್ಷಣ ಮುಂಚೆಯೇ ಒತ್ತಿರಬೇಕು. ಘಾಟಿ ಹತ್ತುವ ಚಾಲಕ ಏರು ಬಂದ ಮೇಲೆ ಗೇರ್ ಇಳಿಸುವುದಿಲ್ಲ, ಬರುವ ಮುಂಚೆಯೇ ಇಳಿಸಿರುತ್ತಾನೆ, ಹಾಗೆಯೇ ಇದು.

ಇನ್ನೊಂದು ತೊಡಕು ಉಳಿದಿತ್ತು. ಜಾರಲು ಶುರುವಾದಾಗ ಒಳಗಡೆಯ ಹಿಂಚಕ್ರ ಒಂದೇ ಸುಮ್ಮನೆ ಗಿರಗಿರ ಸುತ್ತಿ ಬಲವೆಲ್ಲ ಅಲ್ಲೇ ಪೋಲಾಗುತ್ತಿತ್ತು. ಇದು ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ಹುಗಿದುಕೊಂಡಾಗ ಕಾಣುವ ದೃಶ್ಯವೇ. ಒಂದು ಚಕ್ರ ಕೆಸರು ಎರಚುತ್ತಾ ಸುತ್ತುತ್ತದೆ, ಇನ್ನೊಂದು ಗಣಪತಿಯಂತೆ ಕೂತಿರುತ್ತದೆ. ಆಗ ರೈತರು ಡಿಫರೆನ್ಷಿಯಲ್ ಲಾಕ್ ಹಾಕಿ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುತ್ತಾರೆ. ಗೇಮಿನಲ್ಲೂ ಅದಕ್ಕೆ ಹತ್ತಿರದ ಒಂದು ಬಿಡಿಭಾಗ ಕೊಳ್ಳಲು ಸಿಗುತ್ತದೆ. ರೇಸ್ ಗೆದ್ದು ಕೂಡಿಟ್ಟ ಹಣದಲ್ಲಿ ಅದನ್ನು ಹಾಕಿಸಿದೆವು. ಕಾರಿನ ಗುಣವೇ ಬದಲಾಯಿತು. ಎರಡೂ ಹಿಂಚಕ್ರ ಜೊತೆಯಾಗಿ ಜಾರಿದವು, ಬಾಲ ಎಷ್ಟು ಹೊರಗಿರಬೇಕು ಅನ್ನುವುದು ಹೆಬ್ಬೆರಳ ಮಾತು ಕೇಳತೊಡಗಿತು.

ಜಾರಾಟ ಮುಗಿದ ಮೇಲೆ ಅದನ್ನು ಮತ್ತೆ ಹಾಕಿ ನೋಡಬಹುದು, ಸಿನಿಮಾದಂತೆ, ರಸ್ತೆ ಬದಿಯಲ್ಲಿ ನಿಂತವನ ಕಣ್ಣಿನಿಂದ. ನನಗೆ ಆಟಕ್ಕಿಂತ ಅದೇ ಹೆಚ್ಚು ಇಷ್ಟ. ಒಂದು ಸಂಜೆ ಹಾಗೆ ನೋಡುತ್ತಾ ಕೂತಿದ್ದಾಗ ಬಲ ತಿರುವೊಂದರಲ್ಲಿ ನನ್ನದೇ ಕಾರು ಜಾರುತ್ತಾ ಬಂತು. ಕಾರು ಹೋಗುತ್ತಿರುವುದು ಬಲಕ್ಕೆ. ಮುಂದಿನ ಚಕ್ರಗಳು ಮಾತ್ರ ಎಡಕ್ಕೆ ತಿರುಗಿದ್ದವು, ರಸ್ತೆಯ ಹೊರಗಿನ ಅಂಚನ್ನು ನೋಡುತ್ತಿದ್ದವು.

"ಇನ್ನೊಂದು ಸಲ ಹಾಕು," ಅಂದೆ. ಹಾಕಿದಳು. ಮತ್ತೊಂದು ಸಲ ಅಂದೆ.

1987ರ ಜೂನ್ ತಿಂಗಳು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಬಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ಜನ. ಮುಂಗಾರಿನ ಮೊದಲ ಮಳೆ ಆಗಷ್ಟೇ ಬಿದ್ದಿತ್ತು. ಮೊದಲ ಮಳೆಯ ರಸ್ತೆಯೇ ಎಲ್ಲಕ್ಕಿಂತ ಅಪಾಯ. ಬೇಸಿಗೆಯಿಡೀ ಬಿದ್ದ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಸಾಬೂನಿನಂತಾಗಿರುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೇ ಚಾಲಕರ ಮಾತಿನಂತೆ ಎರಡನೇ ಗೇರಿನಲ್ಲಿ, ನಿಧಾನವಾಗಿಯೇ ಇದ್ದೆ. ಬಲಕ್ಕೆ ಒಂದು ತಿರುವು. ಬಲಗಡೆ ಗುಡ್ಡ, ಎಡಗಡೆ ಕಣಿವೆ. ನಡುವೆ ಯಾವುದೋ ಲಾರಿ ಸುರಿಸಿಹೋದ ಎಣ್ಣೆಯ ಪಟ್ಟೆ. ಬಸ್ಸಿನ ಹಿಂಭಾಗ ಕಣಿವೆಯ ಕಡೆಗೆ ಸರಿಯಿತು.

ಒಂದು ಕ್ಷಣ, ಹೆಚ್ಚೆಂದರೆ ಎರಡು. ಆಮೇಲೆ ಬಸ್ಸು ನೇರವಾಗಿ ರಸ್ತೆಯ ನಡುವೆ ಇತ್ತು. ಅರ್ಧದಷ್ಟು ಜನಕ್ಕೆ ಎಚ್ಚರವೂ ಆಗಿರಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಇಳಿದಾಗ ಕಂಡಕ್ಟರ್ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ, "ಅಣ್ಣ, ನೀವು ಸ್ಟಿಯರಿಂಗ್ ಕಣಿವೆ ಕಡೆಗೇ ತಿರುಗಿಸಿಬಿಟ್ರಿ. ನಾನು ಮುಗೀತು ಅಂದ್ಕೊಂಡೆ."

ನನಗೆ ಅದು ನೆನಪೇ ಇರಲಿಲ್ಲ. ಕೈ ಏನು ಮಾಡಿತು ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಹಿಂಭಾಗ ಯಾವ ಕಡೆ ಹೋಗುತ್ತದೋ ಆ ಕಡೆಗೇ ತಿರುಗಿಸು ಎಂದು ಹಿರಿಯ ಚಾಲಕರು ಹೇಳುತ್ತಿದ್ದದ್ದನ್ನು ಕೇಳಿದ್ದೆ, ನಿಜ. ಆದರೆ ಕಣಿವೆ ಬಾಯಿ ತೆರೆದುಕೊಂಡಿರುವಾಗ ಅದರ ಕಡೆಗೇ ಚಕ್ರ ತಿರುಗಿಸುವಷ್ಟು ಧೈರ್ಯ ನನ್ನಲ್ಲಿತ್ತು ಎಂದು ನಾನು ನಂಬಿರಲಿಲ್ಲ. ಕಂಡಕ್ಟರಿಗೆ ಗಾಬರಿಯಲ್ಲಿ ಹಾಗೆ ಕಂಡಿರಬೇಕು, ಬಸ್ಸನ್ನು ಉಳಿಸಿದ್ದು ಎಣ್ಣೆಯ ಪಟ್ಟೆ ಅಲ್ಲಿಗೇ ಮುಗಿದದ್ದು, ಇಲ್ಲವೇ ಅಣ್ಣಪ್ಪ ಸ್ವಾಮಿ. ಯಾರಾದರೂ ಆ ದಿನದ ಮಾತೆತ್ತಿ ಹೊಗಳಿದರೆ ಬೇರೆ ಮಾತು ತೆಗೆಯುತ್ತಿದ್ದೆ.

ಟಿವಿಯಲ್ಲಿ ಅದೇ ಬಲ ತಿರುವು, ಅದೇ ಒದ್ದೆ ರಸ್ತೆ. ಹೊರಗಡೆಗೆ ನೋಡುತ್ತಿರುವ ಚಕ್ರಗಳು. ಆ ಚಕ್ರಗಳನ್ನು ತಿರುಗಿಸಿದ್ದು ನನ್ನ ಎಡ ಹೆಬ್ಬೆರಳು. ಆಡುವಾಗ ತಿರುಗಿಸಿದೆ ಎಂಬುದು ನನಗೆ ಗೊತ್ತೇ ಆಗಿರಲಿಲ್ಲ.

ಮೊಮ್ಮಗಳಿಗೆ ಆ ಕತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜ, ಬಸ್ ಈ ಕಾರಿಗಿಂತ ಎಷ್ಟು ಭಾರ?" ಅಂತ ಕೇಳಿದಳು. ಆರೇಳು ಪಟ್ಟು ಇರಬಹುದು ಅಂದೆ. ಹಿಂದೆ ನಾಲ್ಕು ಟೈರು, ಪವರ್ ಸ್ಟಿಯರಿಂಗ್ ಇಲ್ಲ, ಒಂದು ಆಳು ಪೂರ್ತಿ ತೋಳು ಹಾಕಿ ತಿರುಗಿಸಬೇಕಾದ ಚಕ್ರ. "ಹಾಗಾದ್ರೆ ಇದೂ ಅದೂ ಒಂದೇ ಅಂತ ಹೇಳೋಕಾಗಲ್ಲ," ಅಂದಳು. ಹೇಳಲಾಗದು, ಸರಿಯೇ. ಆದರೂ ಆ ಕಂಡಕ್ಟರ್ ಕಂಡದ್ದು ನಿಜವಿರಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಅವನು ಈಗಿಲ್ಲ, ಇದ್ದಿದ್ದರೆ ಅವತ್ತೇ ಫೋನ್ ಮಾಡುತ್ತಿದ್ದೆ.

ನಮ್ಮ ಜಾರಾಟದ ಸುದ್ದಿ ಬೀದಿಗೆ ಹರಡಿ, ಹೊಸದಾಗಿ ಲೈಸೆನ್ಸ್ ಪಡೆದ ಪಕ್ಕದ ಮನೆ ಹುಡುಗ ಬಂದ. ಮೂರು ಸಲ ನೋಡಿದ. ಊರ ಹೊರಗಿನ ಬೈಪಾಸಿನಲ್ಲಿ ರಾತ್ರಿ ಯಾರೂ ಇರಲ್ಲ, ಅಪ್ಪನ ಕಾರಿನಲ್ಲಿ ಒಂದು ಸಲ ನೋಡಬಹುದು ಅಂದ. ನಾನು ಬೈಯಲಿಲ್ಲ. ಬೈದರೆ ಆ ವಯಸ್ಸಿನವರು ನಮಗೆ ಹೇಳದೆ ಹೋಗುತ್ತಾರೆ. ಅವನಪ್ಪನ ಕಾರು, ಈಗಿನ ಬಹುಪಾಲು ಸಣ್ಣ ಕಾರುಗಳಂತೆ, ಮುಂದಿನ ಚಕ್ರ ಎಳೆಯುವಂಥದ್ದು. ಗೇಮಿನಲ್ಲಿ ಅದೇ ಜಾತಿಯ ಒಂದು ಕಾರು, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಅವನ ಕೈಗೆ ಕೊಟ್ಟು ಅದೇ ಒದ್ದೆ ತಿರುವಿಗೆ ಕಳಿಸಿದೆವು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದ. ಕಾರು ತಿರುಗಲೇ ಇಲ್ಲ. ತಿರುಗಬೇಕಾದ ಚಕ್ರವೂ ಎಳೆಯಬೇಕಾದ ಚಕ್ರವೂ ಒಂದೇ, ಅದೇ ಹಿಡಿತ ಕಳೆದುಕೊಂಡರೆ ತಿರುಗಿಸುವವರು ಯಾರು? ನೇರವಾಗಿ ಹೋಗಿ ರಸ್ತೆ ದಾಟಿತು. ಹತ್ತು ಸಲ ಪ್ರಯತ್ನಿಸಿದ, ಹತ್ತೂ ಸಲ ಹಾಗೇ. ಬೈಪಾಸಿನ ಆ ತಿರುವಿನ ಹೊರಗಡೆ ಏನಿದೆ ಅಂತ ಮೊಮ್ಮಗಳು ಕೇಳಿದಳು. "ಟ್ರಾನ್ಸ್‌ಫಾರ್ಮರ್," ಅಂದ ಹುಡುಗ. ಆಮೇಲೆ ಆ ವಿಷಯ ಎತ್ತಲಿಲ್ಲ. ಈಗ ಭಾನುವಾರ ಸಂಜೆ ಅವನೂ ಬರುತ್ತಾನೆ, ನಮ್ಮನೆಯವಳು ಮಂಡಕ್ಕಿ ಒಗ್ಗರಣೆ ಮಾಡಿದರೆ ಹೊತ್ತಿಗೆ ಮುಂಚೆಯೇ ಬರುತ್ತಾನೆ.

ಡೀಸೆಲ್ ಅಂದರೆ ಲಾರಿ, ಪಂಪ್‌ಸೆಟ್ ಅಂತ ಮೂಗು ಮುರಿಯುವವರಿಗಾಗಿ ಎರಡು ಮಾತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು 1998ರಲ್ಲಿ ಗೆದ್ದದ್ದು ಡೀಸೆಲ್ ಕಾರು, ಬಿಎಂಡಬ್ಲ್ಯು 320ಡಿ. 2006ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸನ್ನೂ ಡೀಸೆಲ್ ಆಡಿ ಆರ್10 ಗೆದ್ದಿತು. ಎಣ್ಣೆ ಕಡಿಮೆ ಕುಡಿಯುವುದರಿಂದ ಮತ್ತೆ ಮತ್ತೆ ನಿಲ್ಲಿಸಬೇಕಿಲ್ಲ ಎಂಬುದು ಇಂಥ ಉದ್ದದ ರೇಸಿನಲ್ಲಿ ದೊಡ್ಡ ಅನುಕೂಲ. ಈ ಗೇಮನ್ನು ಮಾಡಿದ ಕಜುನೊರಿ ಯಮೌಚಿ ಅವರೂ ಅದೇ ನ್ಯೂರ್‌ಬರ್ಗ್‌ರಿಂಗ್ ರೇಸಿನಲ್ಲಿ ನಿಜವಾಗಿ ಕಾರು ಓಡಿಸಿದವರು, ಬರೀ ಕುರ್ಚಿಯಲ್ಲಿ ಕೂತು ಮಾಡಿದ್ದಲ್ಲ.

ಆ ನ್ಯೂರ್‌ಬರ್ಗ್‌ರಿಂಗ್‌ನ ಹಳೆಯ ಸುತ್ತು ಗೇಮಿನಲ್ಲೂ ಇದೆ. ಕಾಡಿನ ನಡುವೆ ಏರಿಳಿಯುತ್ತಾ ಹೋಗುವ ಇಪ್ಪತ್ತು ಕಿಲೊಮೀಟರಿಗೂ ಮಿಕ್ಕಿದ ರಸ್ತೆ. ಥೇಟ್ ಘಾಟಿಯೇ. ಮೊಮ್ಮಗಳಿಗೆ ಅಲ್ಲಿ ಕಾರನ್ನು ಆದಷ್ಟು ತಿರುವುಗಳಲ್ಲಿ ಜಾರಿಸುತ್ತಾ ಒಂದು ಸುತ್ತು ಮುಗಿಸುವ ಆಸೆ. ನಾನು ಅಲ್ಲಿ ಇನ್ನೊಂದು ಆಟ ಆಡುತ್ತೇನೆ. ಕಾವಲುಗಾರರೆಲ್ಲ ಸೊನ್ನೆಯಲ್ಲೇ ಇರುತ್ತಾರೆ, ಟೈರು ಅದೇ ಗಟ್ಟಿ ಟೈರು. ಇಡೀ ಸುತ್ತಿನಲ್ಲಿ ಒಂದು ಸಲವೂ ಚಕ್ರ ಜಾರಬಾರದು. ಅವಳಿಗೆ ಅದು ಬೇಜಾರಿನ ಆಟ. ನಿನ್ನೆ ಮಾತ್ರ ಮುಕ್ಕಾಲು ದಾರಿಯವರೆಗೂ ಪಕ್ಕದಲ್ಲಿ ಕೂತು ನೋಡಿದಳು, ಇಳಿಜಾರು ಬಂದಾಗಲೆಲ್ಲ "ಅಜ್ಜ, ಗೇರ್ ಇಳಿಸು" ಅಂತ ನನಗಿಂತ ಮುಂಚೆ ಹೇಳುತ್ತಿದ್ದಳು.